‘ಸ್ಪೆಂಡ್’ ಕ್ರಿಯಾಪದ: ಮುಲುಂಡ್ ಬಳಕೆದಾರರ ಕೈಪಿಡಿ

ಈ ಇಂಗ್ಲಿಷ್ ಕ್ರಿಯಾಪದವನ್ನು ಆರಿಸಿಕೊಂಡ ತಮಗೆ ಅಭಿನಂದನೆಗಳು. ಪೆಟ್ಟಿಗೆ ಬಿಚ್ಚಿದರೆ ಮೂರು ಬಿಡಿಭಾಗ ಸಿಗುತ್ತವೆ: ಸ್ಪೆಂಡ್, ಸ್ಪೆಂಟ್, ಮತ್ತೊಂದು ಸ್ಪೆಂಟ್. ಎರಡು ಒಂದೇ ಥರ ಬಂದಿವೆಯೆಂದು ಅಂಗಡಿಗೆ ವಾಪಸು ಒಯ್ಯಬೇಡಿ, ಬರುವುದೇ ಹಾಗೆ. ‘ಸ್ಪೆಂಡೆಡ್’ ಎಂಬ ನಾಲ್ಕನೆಯ ಭಾಗ ಕಂಡರೆ ಅದು ಡೂಪ್ಲಿಕೇಟ್ ಮಾಲು.

ಯಂತ್ರಕ್ಕೆ ಬಾಯಿ ಎರಡು. ಒಂದಕ್ಕೆ ಹಣ ಸುರಿಯಬೇಕು, ಇನ್ನೊಂದಕ್ಕೆ ಸಮಯ. ಊರಿನಲ್ಲಿ ನಾವು ದುಡ್ಡು ಖರ್ಚು ಮಾಡುತ್ತಿದ್ದೆವು, ಹೊತ್ತು ಕಳೆಯುತ್ತಿದ್ದೆವು. ಒಂದರ ಲೆಕ್ಕ ಇನ್ನೊಂದಕ್ಕೆ ತಾಗುತ್ತಿರಲಿಲ್ಲ. ಇಲ್ಲಿ ಎರಡೂ ಒಂದೇ ಹೊಟ್ಟೆಗೆ ಹೋಗುತ್ತವೆ.

ಜೋಡಣೆ ಹೀಗೆ. ಹಣದ ಬಾಯಿಗೆ ‘ಆನ್’ ಎಂಬ ತಿರುಪು. ‘ತಂಗಿಯ ಮದುವೆಗೆ’ ಎನ್ನುವಾಗಿನ ನಮ್ಮ ‘ಗೆ’ ಕೈಹಿಡಿದು ‘ಫಾರ್’ ತಿರುಪಿನತ್ತ ಎಳೆಯುತ್ತದೆ, ಬಗ್ಗಬೇಡಿ. ಸಮಯದ ಬಾಯಿಗೆ ‘ಟು’ ಕೂರುವುದಿಲ್ಲ. ಆಫೀಸು ತಲುಪಲು ಎರಡು ಗಂಟೆ ಹಿಡಿದವರು ‘ಸ್ಪೆಂಟ್ ಟೂ ಅವರ್ಸ್ ಟು ರೀಚ್’ ಎಂದರೆ ಯಂತ್ರ ಕಿರುಗುಟ್ಟುತ್ತದೆ. ‘ರೀಚಿಂಗ್’ ಅನ್ನಿ. ಹಗಲೆಲ್ಲ ಹೋಟೆಲಿನಲ್ಲಿ ಮೇಜು ಒರೆಸಿ, ಸಂಜೆ ಮುಂಬೈಯ ಕನ್ನಡ ರಾತ್ರಿ ಶಾಲೆಗಳ ಬೆಂಚಿನಲ್ಲಿ ತೂಕಡಿಸುತ್ತ ಇಂಗ್ಲಿಷ್ ಕಲಿತ ನಮ್ಮ ಹಿರಿಯರು ಇದನ್ನೆಲ್ಲ ದಾಟಿಯೇ ಬಂದವರು. ಪಗಾರ ಮನಿಯಾರ್ಡರ್ ಆಗಿ ಊರಿಗೆ ಹೋಗುತ್ತಿದ್ದುದರಿಂದ ಹಣದ ಬಾಯಿಯ ಅಭ್ಯಾಸ ಅವರಿಗೆ ಹೆಚ್ಚು ಆಗಲಿಲ್ಲ, ಅಷ್ಟೆ.

ಇನ್ನು ಪ್ರಾಯೋಗಿಕ ಪಾಠ. ಇದಕ್ಕೆ ಮುಲುಂಡ್‌ಗಿಂತ ಒಳ್ಳೆಯ ಪ್ರಯೋಗಶಾಲೆ ಇಲ್ಲ. ಮಧ್ಯ ರೈಲ್ವೆಯಲ್ಲಿ ಮುಂಬೈ ಮಹಾನಗರಪಾಲಿಕೆಯ ಕೊನೆಯ ಸ್ಟೇಷನ್ ಇದು, ಮುಂದಿನದು ಠಾಣೆ. ದಾದರಿನಲ್ಲಿ ಕೊಡಲಾಗದ ಬಾಡಿಗೆಯನ್ನು ಇಲ್ಲಿ ಉಳಿಸಿದವರು ಆ ಉಳಿತಾಯವನ್ನು ದಿನವೂ ಲೋಕಲ್‌ನಲ್ಲಿ ನಿಮಿಷಗಳಾಗಿ ಕಟ್ಟುತ್ತಾರೆ. ಎಲ್ಲ ಫಾಸ್ಟ್ ಗಾಡಿಗಳೂ ಮುಲುಂಡ್‌ನಲ್ಲಿ ನಿಲ್ಲುವುದಿಲ್ಲ. ಇಂಡಿಕೇಟರ್ ನೋಡದೆ ಹತ್ತಿದ ಹೊಸಬರು ಮನೆಯ ದೀಪ ನೋಡುತ್ತಲೇ ಠಾಣೆಗೆ ಹೋಗಿ ತಿರುಗಿ ಬರುತ್ತಾರೆ. ಇದು ‘ಸ್ಪೆಂಡ್’ ಅಲ್ಲ, ‘ವೇಸ್ಟ್’. ಅದರ ಕೈಪಿಡಿ ಬೇರೆ ಇದೆ.

ಆದರೆ ಬೆಳಗ್ಗೆ ಬೇಕೆಂದೇ ಠಾಣೆಗೆ ಉಲ್ಟಾ ಹೋಗಿ, ಅಲ್ಲಿಂದ ಹೊರಡುವ ಗಾಡಿಯಲ್ಲಿ ಕಿಟಕಿ ಬದಿಯ ಸೀಟು ಹಿಡಿದು, ಮುಲುಂಡ್‌ನಲ್ಲಿ ಜೋತುಬೀಳುವವರನ್ನು ಕೂತು ನೋಡುವುದು ಈ ಕ್ರಿಯಾಪದದ ಅತ್ಯುತ್ತಮ ಬಳಕೆ ಎಂದು ನನ್ನ ಅಭಿಪ್ರಾಯ. ಹಿಂದಕ್ಕೆ ಹೋಗುವುದಕ್ಕೆಂದೇ ಸಮಯ ಕೊಟ್ಟು ಸೊಂಟ ಉಳಿಸಿಕೊಳ್ಳುವ ಇಂಥ ವ್ಯವಹಾರಕ್ಕೆ ಯಾವ ವ್ಯಾಕರಣದಲ್ಲೂ ಉದಾಹರಣೆ ಸಿಗುವುದಿಲ್ಲ. ಎಚ್ಚರಿಕೆ: ಪಾಸು ಠಾಣೆಯವರೆಗಿನದಿರಲಿ. ಇಲ್ಲವಾದರೆ ಟಿಸಿ ಸಾಹೇಬರು ಹಣದ ಬಾಯಿಯನ್ನೂ ತೆರೆಸುತ್ತಾರೆ.

ಕಾರಿನವರಿಗೆ ವಿಶೇಷ ಸೂಚನೆ. ಮುಲುಂಡ್‌ನಿಂದ ಠಾಣೆಯ ಕಡೆಗೆ ಎರಡು ಟೋಲ್‌ನಾಕಾ: ಎಲ್‌ಬಿಎಸ್ ಮಾರ್ಗದಲ್ಲೊಂದು, ಪೂರ್ವ ಎಕ್ಸ್‌ಪ್ರೆಸ್ ಹೆದ್ದಾರಿಯ ಆನಂದನಗರದಲ್ಲೊಂದು. ಪಕ್ಕದ ಊರಿನ ನೆಂಟರ ಮನೆಗೆ ಹೋಗಲು ಕಾರಿಗೆ 45 ರೂಪಾಯಿ ಕಕ್ಕುತ್ತಿದ್ದ ಕಾಲವೊಂದಿತ್ತು. 2024ರ ಅಕ್ಟೋಬರ್ 14ರ ನಡುರಾತ್ರಿಯಿಂದ ಲಘು ವಾಹನಗಳಿಗೆ ಮುಂಬೈ ಪ್ರವೇಶದ ಐದೂ ನಾಕಾಗಳಲ್ಲಿ ಟೋಲ್ ಮಾಫಿ. ಚುನಾವಣೆ ಹತ್ತಿರದಲ್ಲಿತ್ತು ಎಂದು ಕುಹಕಿಗಳು ನೆನಪಿಸುತ್ತಾರೆ, ಇರಲಿ. ಹಣದ ಬಾಯಿ ಮುಚ್ಚಿತು. ಸಂಜೆ ಏಳರ ಹೊತ್ತಿಗೆ ಅದೇ ಜಾಗದಲ್ಲಿ ಬ್ರೇಕಿನ ಮೇಲೆ ಕಾಲಿಟ್ಟು ಕೂತವರಿಗೆ ಇನ್ನೊಂದು ಬಾಯಿ ಮುಚ್ಚಿಲ್ಲವೆಂಬುದು ಗೊತ್ತು.

ಸ್ಥಳೀಯ ಬದಲಿ ಭಾಗವೂ ಉಂಟು: ಟೈಂಪಾಸ್. ಲೋಕಲ್‌ನ ಡಬ್ಬಿಯಲ್ಲಿ ಶೇಂಗಾ ಮಾರುವವ ಕೂಗುವುದು ಶೇಂಗಾದ ಹೆಸರನ್ನಲ್ಲ, ಇದನ್ನೇ. ಹತ್ತು ರೂಪಾಯಿ ಕೊಟ್ಟರೆ ಹಣವೂ ಹೊತ್ತೂ ಒಟ್ಟಿಗೆ ಮುಗಿಯುತ್ತವೆ, ಸಿಪ್ಪೆ ಮಾತ್ರ ಉಳಿಯುತ್ತದೆ.

ವಿರುದ್ಧಾರ್ಥಕದ ಬಟನ್ ‘ಸೇವ್’. ಇದರಲ್ಲಿ ನಮ್ಮ ಕರಾವಳಿಯವರು ಯಾರಿಂದಲೂ ಕಲಿಯಬೇಕಾದ್ದಿಲ್ಲ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲೇ ಪಿಗ್ಮಿ ಠೇವಣಿ ಶುರುಮಾಡಿ, ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಒಯ್ಯುತ್ತಿತ್ತು. ದಿನಕ್ಕೆ ಹತ್ತು ನಿಮಿಷ ಕಟ್ಟಿಸಿಕೊಳ್ಳುವ ಪಿಗ್ಮಿ ಏಜೆಂಟ್ ಇನ್ನೂ ಮುಲುಂಡ್‌ಗೆ ಬಂದಿಲ್ಲ.

ಊರಿಗೆ ಒಯ್ಯುವಾಗ ಯಂತ್ರವನ್ನು ಬಂದ್ ಮಾಡಿ. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾದ ಮೇಲೆ ಠಾಣೆಯಲ್ಲಿ ಮತ್ಸ್ಯಗಂಧ ಹತ್ತಿದರೆ ಬೆಳಗಾಗುವಷ್ಟರಲ್ಲಿ ಊರ ಕಡೆ. ಅಂಗಳದಲ್ಲಿ ನಿಂತ ದೊಡ್ಡಮ್ಮ “ಈ ಸಲವಾದರೂ ನಾಲ್ಕು ದಿನ ಇದ್ದು ಹೋಗು ಮಾರಾಯ” ಎನ್ನುತ್ತಾರೆ. ಅವರೆದುರು “ನಿಮ್ಮ ಜೊತೆ ಟೈಮ್ ಸ್ಪೆಂಡ್ ಮಾಡೋಕೇ ಬಂದದ್ದು” ಎನ್ನಬೇಡಿ. ಎಷ್ಟು ಖರ್ಚಾಯಿತು ಎಂದು ಕೇಳಿ, ಟಿಕೆಟಿನ ದುಡ್ಡು ಕಿಸೆಗೆ ತುರುಕುವ ಅಪಾಯವಿದೆ.

ಕೊನೆಯದಾಗಿ, ಮುಲುಂಡ್‌ನಲ್ಲಿ ಮನೆ ಹುಡುಕುತ್ತಿರುವ ಓದುಗರಲ್ಲಿ ಒಂದು ವಿನಂತಿ. “ಸ್ಟೇಷನ್ನಿಗೆ ಐದೇ ನಿಮಿಷ” ಎಂದು ಏಜೆಂಟ್ ಹೇಳಿದರೆ ಅಡ್ವಾನ್ಸ್ ಕೊಡುವ ಮೊದಲು, ಜುಲೈ ತಿಂಗಳಲ್ಲಿ ಬೆಳಗ್ಗೆ ಎಂಟೂವರೆಗೆ, ಕೈಯಲ್ಲಿ ಕೊಡೆ ಹಿಡಿದು ಒಮ್ಮೆ ನಡೆದು ನೋಡಿ.