ಎರಡು ಸೊನ್ನೆ, ಎರಡು ತ್ರಿಕೋನ, ಒಂದು ಸರ್ಟಿಫಿಕೇಟು

ಬೆಕ್ಕು ಬರೆಯುವುದು ಈಗ ಬಹಳ ಸುಲಭ. ದೊಡ್ಡದೊಂದು ಸೊನ್ನೆ ಹಾಕಿ, ಅದರ ಮೇಲೆ ಚಿಕ್ಕದೊಂದು ಸೊನ್ನೆ ಕೂರಿಸಿ, ಚಿಕ್ಕದಕ್ಕೆ ಎರಡು ತ್ರಿಕೋನ ಅಂಟಿಸಿ, ಮುಖದ ನಡುವೆ ತಲೆಕೆಳಗಾದ ಪುಟ್ಟ ತ್ರಿಕೋನ ಇಟ್ಟು, ಎಡಕ್ಕೆ ಮೂರು ಬಲಕ್ಕೆ ಮೂರು ಗೆರೆ ಎಳೆದು, ಕೆಳಗೆ ಇಂಗ್ಲಿಷಿನ ಎಸ್ ಅಕ್ಷರವನ್ನು ಬಾಲವೆಂದು ತೂಗುಬಿಟ್ಟರೆ ಮುಗಿಯಿತು. ಇದಕ್ಕೆ ಬೆಕ್ಕು ಬೇಕಿಲ್ಲ. ಇಲ್ಲದಿರುವುದೇ ಒಳ್ಳೆಯದು. ಇದ್ದರೆ ಅಲುಗಾಡುತ್ತದೆ, ಬೆನ್ನು ತಿರುಗಿಸಿ ಕೂರುತ್ತದೆ, ಮನಸ್ಸಾದರೆ ಎದ್ದು ಹೋಗುತ್ತದೆ. ಸೊನ್ನೆಗೆ ಹೊಂದುವಂತೆ ಕೂತುಕೋ ಎಂದು ಬೆಕ್ಕಿಗೆ ಹೇಳಿ ಗೆದ್ದವರು ಯಾರಿದ್ದಾರೆ?

ಏಪ್ರಿಲ್ ಬಂತೆಂದರೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಕ್ಲಬ್ ಹೌಸಿನಲ್ಲಿ ಇಂಥ ಬೆಕ್ಕುಗಳ ಹೆರಿಗೆ ಶುರು. ಬೇಸಿಗೆ ಶಿಬಿರ ಅಂದರೆ ಸೋಮವಾರ ಜೇಡಿಮಣ್ಣು, ಮಂಗಳವಾರ ಕೀಬೋರ್ಡು, ಬುಧವಾರ ಬೆಂಕಿ ಇಲ್ಲದ ಅಡುಗೆ, ಗುರುವಾರ ಬೆಕ್ಕು. ನಮ್ಮ ಬಡಾವಣೆಯ ಶಿಬಿರವೊಂದರ ಕೊನೆಯ ದಿನ ಗೋಡೆಯ ತುಂಬ ಬೆಕ್ಕು ಅಂಟಿಸಿದ್ದರು. ಎಲ್ಲವೂ ನಮ್ಮನ್ನೇ ನೋಡುತ್ತಿದ್ದವು, ಎಲ್ಲವೂ ನಗುತ್ತಿದ್ದವು, ಎಲ್ಲದರ ಬಾಲವೂ ಬಲಕ್ಕೇ ತಿರುಗಿತ್ತು. ಮೂಲೆಯಲ್ಲಿ ಬರೆದ ಹೆಸರು ನೋಡದೆ ತನ್ನ ಮಗುವಿನ ಬೆಕ್ಕು ಯಾವುದೆಂದು ಹೇಳಬಲ್ಲ ತಾಯಿ ಆ ಹಾಲಿನಲ್ಲಿ ಇದ್ದಂತೆ ಕಾಣಲಿಲ್ಲ. ಆದರೂ ಪ್ರತಿಯೊಬ್ಬರೂ ತಮ್ಮದರ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದರು. ಪಕ್ಕದ್ದರ ಫೋಟೋ ಹಾಕಿದ್ದರೂ ಅಜ್ಜಿ ತಾತಂದಿರು ಅಷ್ಟೇ ಕೊಂಡಾಡುತ್ತಿದ್ದರು.

ಪಾಠ ನಡೆಯುವಾಗ ಆರೇಳು ವರ್ಷದ ಹುಡುಗಿಯೊಬ್ಬಳು ಪೆನ್ಸಿಲ್ ಎತ್ತಿ ಹಿಡಿದು ಕೇಳಿದಳು:

"ಮಿಸ್, ನಮ್ ಪಾರ್ಕಿಂಗಲ್ಲಿರೋ ಬೆಕ್ಕಿಗೆ ಒಂದ್ ಕಿವಿ ತುದಿ ಇಲ್ಲ."

"ಅಯ್ಯೋ ಪಾಪ, ಹೌದಾ ಪುಟ್ಟಾ? ನೀನು ಎರಡೂ ಕಿವಿ ಚೂಪಾಗಿ ಹಾಕು."

"ಅದು ಕೂತ್ಕೊಳ್ಳೋದೇ ಇಲ್ಲ ಮಿಸ್. ಯಾವಾಗ್ಲೂ ಕಾರಿನ ಮೇಲೆ ಬಿದ್ಕೊಂಡಿರತ್ತೆ."

"ಮಲಗಿರೋ ಬೆಕ್ಕು ಲೆವೆಲ್ ಟೂನಲ್ಲಿ ಬರತ್ತೆ ಕಂದಾ."

ಹುಡುಗಿ ಅಷ್ಟರಲ್ಲಾಗಲೇ ಮೊಂಡು ಕಿವಿ ಬರೆದುಬಿಟ್ಟಿದ್ದಳು. ಅದನ್ನು ರಬ್ಬರಿನಿಂದ ಉಜ್ಜಿ, ಪುಡಿ ಊದಿ, ಚೂಪು ಮಾಡಿದಳು. ಸಂತಾನಹರಣ ಚಿಕಿತ್ಸೆ ಆದ ಬೀದಿಬೆಕ್ಕನ್ನು ಮತ್ತೆ ಹಿಡಿದೊಯ್ಯದಿರಲಿ ಎಂದು ಗುರುತಿಗಾಗಿ ಕಿವಿಯ ತುದಿ ಕತ್ತರಿಸಿರುತ್ತಾರೆ. ಆ ಅಪಾರ್ಟ್‌ಮೆಂಟಿನ ದೊಡ್ಡವರು ಎಷ್ಟು ಜನ ಅದನ್ನು ಗಮನಿಸಿದ್ದರೋ ಕಾಣೆ, ಹುಡುಗಿ ಗಮನಿಸಿದ್ದಳು. ಅಷ್ಟೇ ಅಲ್ಲ, ಆಕಾರಗಳ ಪಾಠವೇ ಬೇಕಿದ್ದರೆ ಅದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿರಲಿಲ್ಲ. ತುದಿ ಕತ್ತರಿಸಿದ ತ್ರಿಕೋನಕ್ಕೆ ಶಾಲೆಯ ಗಣಿತದಲ್ಲಿ ತ್ರಾಪಿಜ್ಯ ಅನ್ನುತ್ತಾರೆ. ಆದರೆ ತ್ರಾಪಿಜ್ಯ ಆ ದಿನದ ಪಟ್ಟಿಯಲ್ಲಿ ಇರಲಿಲ್ಲ. ಹಾಗಾಗಿ ಬೆಕ್ಕಿಗೆ ಹೊಸ ಕಿವಿ ಬಂತು.

ಮಿಸ್ಸನ್ನು ಬೈಯುವುದು ಅನ್ಯಾಯ. ಒಂದು ಗಂಟೆ ಅವಧಿ, ಕೋಣೆ ತುಂಬ ಮಕ್ಕಳು, ಬಾಗಿಲಲ್ಲಿ ಚಪ್ಪಲಿ ಕೂಡ ಬಿಚ್ಚದೆ ನಿಂತ ತಂದೆತಾಯಿ. "ಇವತ್ತು ಏನು ಕಲಿತೆ?" ಎಂಬ ಪ್ರಶ್ನೆಗೆ ಮಗು ಹಾಳೆ ಎತ್ತಿ ತೋರಿಸಬೇಕು. "ಇವತ್ತು ಬೆಕ್ಕನ್ನು ಸುಮ್ಮನೆ ನೋಡಿದೆವು" ಎಂದು ಮಗು ಹೇಳಿದರೆ ಮಾರನೆಯ ದಿನ ಅರ್ಧ ಫೀಸು ವಾಪಸು ಕೇಳುವವರು ನಾವು. ನೋಡಿದ್ದಕ್ಕೆ ರಸೀತಿ ಕೊಡಲು ಬರುವುದಿಲ್ಲ.

ಸೊನ್ನೆ ತ್ರಿಕೋನಗಳೇನೂ ಕೀಳಲ್ಲ. ಜಪಾನಿನ ಚಿತ್ರಕಾರ ಹೊಕುಸಾಯ್ 1812ರಲ್ಲಿ ಒಂದು ಕಲಿಕೆಯ ಪುಸ್ತಕ ಹೊರತಂದ. ವೃತ್ತ, ಚೌಕ, ಗೆರೆಗಳಿಂದ ಪ್ರಾಣಿ, ಪಕ್ಷಿ, ಮನುಷ್ಯರನ್ನು ಹೇಗೆ ಕಟ್ಟಬಹುದು ಎಂದು ಕೈವಾರ, ಅಳತೆಪಟ್ಟಿ ಹಿಡಿದು ತೋರಿಸುವ ಪುಸ್ತಕ ಅದು. ಪ್ರಕೃತಿಯನ್ನು ಉರುಳೆ, ಗೋಳ, ಶಂಕುಗಳಾಗಿ ಕಾಣಬೇಕೆಂದು ಫ್ರಾನ್ಸಿನ ಚಿತ್ರಕಾರ ಸೆಜಾನ್ 1904ರಲ್ಲಿ ಕಿರಿಯ ಚಿತ್ರಕಾರ ಎಮಿಲ್ ಬರ್ನಾರ್‌ಗೆ ಬರೆದ ಪತ್ರದಿಂದ ಮುಂದೆ ಎಷ್ಟೊಂದು ಕ್ಯಾನ್ವಾಸುಗಳ ಹಣೆಬರಹವೇ ಬದಲಾಯಿತು. ಅಮೆರಿಕದ ಎಡ್ ಎಂಬರ್ಲಿ 1970ರಲ್ಲಿ ಪ್ರಾಣಿಗಳ ಚಿತ್ರ ಕಲಿಸುವ ಪುಸ್ತಕ ತಂದು, ನಾಲ್ಕಾರು ಆಕಾರ ಬಂದರೆ ಯಾವ ಮಗುವೂ ಚಿತ್ರ ಬರೆಯಬಹುದು ಎಂದು ಹಂತ ಹಂತವಾಗಿ ತೋರಿಸಿದ. ಕೈಯೇ ಓಡದ ಮಕ್ಕಳಿಗೆ ಅದು ಧೈರ್ಯ ಕೊಟ್ಟಿದ್ದೂ ನಿಜ. ಆದರೆ ಹೊಕುಸಾಯ್ ಆ ಪುಸ್ತಕ ಮಾಡುವಾಗ ಐವತ್ತು ದಾಟಿದ್ದ. ಅಷ್ಟು ಕಾಲ ಕಣ್ಣು ತುಂಬ ನೋಡಿ, ಕೈ ಸೋಲುವಷ್ಟು ಬರೆದು, ಆಮೇಲೆ ಇದು ಇಷ್ಟೇ ಎಂದು ವೃತ್ತಕ್ಕೆ ಇಳಿಸಿದವನು. ನಮ್ಮ ಶಿಬಿರದಲ್ಲಿ ಐವತ್ತು ವರ್ಷದ ಕೆಲಸ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಉಳಿದ ಐವತ್ತು ನಿಮಿಷ ಬಣ್ಣಕ್ಕೆ, ಜ್ಯೂಸಿಗೆ.

ಕ್ಲಾಸಿಗೆ ಸೇರುವ ಮೊದಲು ಮಗು ಬರೆಯುತ್ತಿದ್ದ ಬೆಕ್ಕು ಯಾವುದು? ಮೈ ಪಕ್ಕಕ್ಕೆ, ಮುಖ ನಮ್ಮ ಕಡೆಗೆ. ಕಾಲು ಒಮ್ಮೊಮ್ಮೆ ಐದು. ಬೆಕ್ಕು ಗಬ್ಬವಾಗಿದ್ದರೆ ಹೊಟ್ಟೆಯೊಳಗೆ ಮರಿಗಳೂ ಕಾಣಬೇಕು, ಎಷ್ಟಿವೆ ಎಂದು ಎಣಿಸುವಂತಿರಬೇಕು. ಮಗು ಕಂಡದ್ದನ್ನಷ್ಟೇ ಅಲ್ಲ, ಬಲ್ಲದ್ದನ್ನೂ ಬರೆಯುತ್ತದೆ ಎಂದು ಫ್ರಾನ್ಸಿನ ಲ್ಯೂಕೆ 1927ರಲ್ಲೇ ಮಕ್ಕಳ ಚಿತ್ರಗಳ ಬಗ್ಗೆ ಪುಸ್ತಕ ಬರೆದು ವಿವರಿಸಿದ್ದಾನೆ. ನಮ್ಮ ಮನೆಗಳಲ್ಲಿ ಆ ಚಿತ್ರಕ್ಕೆ ಸಿಗುವ ವಿಮರ್ಶೆ ಒಂದೇ ಸಾಲಿನದು: "ಇದೇನೋ ಇದು, ನಾಯಿನಾ?" ಮುಂದಿನ ವಾರ ಮಗು ಕ್ಲಾಸಿನಲ್ಲಿ.

ವಿಕ್ಟರ್ ಲೋವೆನ್‌ಫೆಲ್ಡ್ ಅವರ ಕಲಾಶಿಕ್ಷಣದ ಪುಸ್ತಕ 1947ರಲ್ಲಿ ಬಂತು. ಅದರ ಮುಂದಿನ ಆವೃತ್ತಿಗಳಲ್ಲಿ ಒಂದು ಮಗುವಿನ ಹಕ್ಕಿಗಳ ಉದಾಹರಣೆ ಬರುತ್ತದೆ. ಮೊದಲು ಮಗು ತಾನೇ ಬರೆದ, ಒಂದು ಇನ್ನೊಂದರಂತಿಲ್ಲದ ಹಕ್ಕಿಗಳು. ಆಮೇಲೆ ಅಭ್ಯಾಸಪುಸ್ತಕದ ಹಕ್ಕಿ, ಅದನ್ನು ನೋಡಿ ಬರೆ, ಬಣ್ಣ ತುಂಬು. ಅದಾದ ಮೇಲೆ ನಿನ್ನಿಷ್ಟದ ಹಕ್ಕಿ ಬರಿ ಎಂದರೆ ಮಗು ಬರೆದದ್ದು ಪುಸ್ತಕದ ಹಕ್ಕಿಯನ್ನೇ. ಲೋವೆನ್‌ಫೆಲ್ಡ್‌ಗೆ ಅದು ನಷ್ಟವಾಗಿ ಕಂಡಿತ್ತು. ನಾವು ಅದಕ್ಕೆ ಇಂಪ್ರೂವ್‌ಮೆಂಟ್ ಎಂದು ಷರಾ ಬರೆಯುತ್ತೇವೆ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಎಲ್ಲರಿಗೂ ಗೊತ್ತು: ಒಮ್ಮೆ ಕಾದ ಹಾಲಿಗೆ ಬಾಯಿ ಇಟ್ಟ ಬೆಕ್ಕು ಆಮೇಲೆ ಹಾಲು ಕಂಡರೇ ಓಡುತ್ತಿತ್ತು. ಒಮ್ಮೆ ರಬ್ಬರಿನ ರುಚಿ ಕಂಡ ಮಗುವೂ ಅಷ್ಟೇ, ಐದನೇ ಕಾಲನ್ನು ಮತ್ತೆ ಬರೆಯುವುದಿಲ್ಲ. ಎರಡು ಗುಡ್ಡ, ನಡುವೆ ಸೂರ್ಯ, ಒಂದು ನದಿ, ಒಂದು ತೆಂಗಿನ ಮರ, ಆಕಾಶದಲ್ಲಿ ಇಂಗ್ಲಿಷಿನ ವಿ ಆಕಾರದ ಹಕ್ಕಿಗಳು ಇರುವ ಸೀನರಿಯನ್ನು ಬಯಲುಸೀಮೆಯ ಮಕ್ಕಳೂ ತಲೆಮಾರುಗಳಿಂದ ಬರೆದುಕೊಂಡು ಬಂದಿದ್ದಾರೆ. ಅವರ ಊರಿನಲ್ಲಿ ಗುಡ್ಡವೂ ಇಲ್ಲ, ನದಿಯೂ ಇಲ್ಲ. ಬೆಕ್ಕಾದರೂ ಇತ್ತು.

ಈ ವಿದ್ಯೆಯನ್ನು ಅಪಾರ್ಟ್‌ಮೆಂಟಿನವರೇ ಕಂಡುಹಿಡಿದರು ಎಂದೇನೂ ಅಲ್ಲ. ಮದ್ರಾಸಿನಲ್ಲಿ 1850ರಲ್ಲಿ ಕಲಾಶಾಲೆ ತೆರೆದ ಕಾಲದಿಂದಲೂ, ಮುಂದಿಟ್ಟ ಮಾದರಿಯನ್ನು ತಪ್ಪಿಲ್ಲದೆ ನಕಲಿಸುವುದೇ ಚಿತ್ರಕಲೆ ಎಂಬ ನಂಬಿಕೆಗೆ ನಮ್ಮಲ್ಲಿ ಭದ್ರ ಬುನಾದಿ ಇದೆ. ಇದಕ್ಕೆ ಸಿಕ್ಕದೆ ತಪ್ಪಿಸಿಕೊಂಡವರೂ ಇದ್ದಾರೆ. ಮೈಸೂರಿನ ಆರ್.ಕೆ. ಲಕ್ಷ್ಮಣ್ ಹುಡುಗನಾಗಿದ್ದಾಗ ಬರೆದ ಅರಳಿ ಎಲೆಯನ್ನು ಮೇಷ್ಟ್ರು ಮೆಚ್ಚಿಕೊಂಡರಂತೆ. ತಾನು ಕಲಾವಿದ ಎಂಬ ಧೈರ್ಯ ಅವರಿಗೆ ಬಂದದ್ದು ಅಲ್ಲಿಂದ. ಮನೆಯ ಹತ್ತಿರದ ಕಾಗೆಗಳನ್ನು ನೋಡಿ ನೋಡಿ ಬರೆದರು, ಮುದುಕರಾದ ಮೇಲೂ ಬಿಡಲಿಲ್ಲ. ಮುಂಬಯಿಯ ಜೆ.ಜೆ. ಕಲಾಶಾಲೆ ಮಾತ್ರ ಈ ಹುಡುಗನಲ್ಲಿ ಬೇಕಾದ ಪ್ರತಿಭೆ ಇಲ್ಲವೆಂದು ಸೇರಿಸಿಕೊಳ್ಳಲಿಲ್ಲ. ಈಗಿನ ಶಿಬಿರಕ್ಕೆ ಬಂದಿದ್ದರೆ ಅವರ ಗತಿಯೂ ಗೊತ್ತಿದ್ದದ್ದೇ: ಒಂದು ಮೊಟ್ಟೆ ಆಕಾರ, ಒಂದು ತ್ರಿಕೋನ ಕೊಕ್ಕು, ಎರಡು ಕಡ್ಡಿ ಕಾಲು, "ಗುಡ್, ಈಗ ಬ್ಲ್ಯಾಕ್ ಕಲರ್ ಮಾಡು."

ಇನ್ನು ಬೆಕ್ಕಿನ ಕಡೆಯಿಂದ ಒಂದು ತಕರಾರು. ಸಾಮಾನ್ಯವಾಗಿ ಬೆಕ್ಕಿನ ಮೂತಿಯ ಒಂದೊಂದು ಕಡೆ ಹನ್ನೆರಡರಷ್ಟು ಮೀಸೆಕೂದಲು, ಅದೂ ಸಾಲುಸಾಲಾಗಿ ಇರುತ್ತವೆ. ಮುಂಗಾಲಿಗೆ ಐದೈದು ಬೆರಳು, ಹಿಂಗಾಲಿಗೆ ನಾಲ್ಕೇ. ಕಣ್ಣಿನ ಪಾಪೆ ಬಿಸಿಲಲ್ಲಿ ಗೆರೆಯಷ್ಟು ಸಣ್ಣಗಾಗಿ, ಕತ್ತಲಲ್ಲಿ ದುಂಡಗೆ ಅರಳುತ್ತದೆ. ಕಿವಿಗಳು ಬೇರೆ ಬೇರೆ ದಿಕ್ಕಿಗೆ ತಿರುಗಬಲ್ಲವು: ಒಂದು ನಿಮ್ಮ ಕಡೆ, ಇನ್ನೊಂದು ಅಡುಗೆಮನೆಯ ಕಡೆ. ಶಿಬಿರದ ಬೆಕ್ಕಿಗೆ ಒಂದೊಂದು ಕಡೆ ಮೂರೇ ಮೀಸೆ. ಉಳಿದ ಒಂಬತ್ತು ಎಲ್ಲಿ ಹೋದವು ಎಂದು ಯಾವ ಪೋಷಕರೂ ಕೇಳಲಿಲ್ಲ. ಸರ್ಟಿಫಿಕೇಟಿನಲ್ಲಿ ಮಗುವಿನ ಹೆಸರಿನ ಒಂದು ಅಕ್ಷರ ಬಿಟ್ಟುಹೋಗಿದ್ದರೆ ಮಾತ್ರ ಅಲ್ಲೇ ಸಭೆ ಸೇರುತ್ತಿತ್ತು.

ಬಹುಮಾನ ಕೊಡುವ ಹೊತ್ತಿಗೆ ತೊಡಕಾಯಿತು. ಎಲ್ಲ ಬೆಕ್ಕೂ ಒಂದೇ ಆದರೆ ಮೊದಲನೆಯದು ಯಾವುದು? ತೀರ್ಪುಗಾರರು ಅನುಭವಸ್ಥರು. ಬಣ್ಣ ಗೆರೆ ದಾಟಿದೆಯೋ ಇಲ್ಲವೋ ಎಂದು ಕನ್ನಡಕ ಏರಿಸಿ ನೋಡಿದರು. ದಾಟದವರಿಗೆ ಕಪ್ಪು, ದಾಟಿದವರಿಗೆ ಪೆನ್ಸಿಲ್ ಬಾಕ್ಸು. ಮುಖ್ಯ ಅತಿಥಿಗಳು ಮಕ್ಕಳ ಸೃಜನಶೀಲತೆಯ ಬಗ್ಗೆ ಮಾತಾಡಿದರು, ಪ್ರಾಣಿದಯೆಯ ಬಗ್ಗೆಯೂ ಎರಡು ಮಾತು ಸೇರಿಸಿದರು. ಚಪ್ಪಾಳೆ ತಣ್ಣಗಾಗುವಷ್ಟರಲ್ಲಿ ಅಸೋಸಿಯೇಷನ್ನಿನ ಗ್ರೂಪಿನಲ್ಲಿ ಸಂದೇಶ ಬಂತು: ಪಾರ್ಕಿಂಗಿನ ಬೆಕ್ಕು ಹೊಸ ಕಾರಿನ ಬಾನೆಟ್ ಮೇಲೆ ಮಲಗಿ ಗೀರು ಮಾಡಿದೆ, ಸೆಕ್ಯುರಿಟಿಯವರು ಕೂಡಲೇ ಓಡಿಸತಕ್ಕದ್ದು, ಅನ್ನ ಹಾಕುವವರಿಗೆ ದಂಡ ವಿಧಿಸತಕ್ಕದ್ದು. ಅದಕ್ಕೆ ಹೆಬ್ಬೆಟ್ಟು ಒತ್ತಿದವರಲ್ಲಿ ಹಲವರು ಇನ್ನೂ ಕ್ಲಬ್ ಹೌಸಿನಲ್ಲೇ, ಗೋಡೆಯ ಬೆಕ್ಕುಗಳ ಮುಂದೆ ಮಗುವನ್ನು ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು.

ಹೊರಗೆ ಬಾಗಿಲ ಹತ್ತಿರ ಮುಂದಿನ ಬ್ಯಾಚಿನ ಪೋಸ್ಟರು ಆಗಲೇ ಬಿದ್ದಿತ್ತು. ಈ ಸಲ ನಾಯಿ. ಸೊನ್ನೆಗಳು ಅವೇ ಎರಡು, ಕಿವಿಯ ತ್ರಿಕೋನಗಳನ್ನು ಮಾತ್ರ ಕೆಳಕ್ಕೆ ಇಳಿಬಿಡಬೇಕು. ಫೀಸು ಬೇರೆ. ಬೆಕ್ಕು ಕಲಿತವರಿಗೆ ಶೇಕಡಾ 10 ರಿಯಾಯಿತಿ.