ಮುಳ್ಳು ಸವೆಯುವ ಚಿಂತೆ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಒಳ್ಳೇದನ್ನು ಎತ್ತಿಡುವ ಚಟ ಹುಟ್ಟಿನಿಂದಲೇ ಬಂದದ್ದು. ಬೆಳ್ಳಿ ಲೋಟ ನೆಂಟರಿಗೆ, ಅಪ್ಪೆಮಿಡಿಯ ಹೊಸ ಜಾಡಿ ಬೆಂಗಳೂರಿನ ಮಗಳಿಗೆ. ರೆಕಾರ್ಡ್ ಪ್ಲೇಯರಿನ ಮುಳ್ಳು ಕೂತಿರುವ ಒಳ್ಳೇ ಕಾರ್ಟ್ರಿಜ್ ಕಪಾಟು ಸೇರದೆ ಇನ್ನೆಲ್ಲಿಗೆ ಹೋದೀತು?

"ಅದನ್ನ ಹಾಕಿ ಕೇಳಬಾರದಾ ಮಾವ?"

"ಸುಮ್ನಿರೋ ಮಾರಾಯ, ಸವೆದು ಹೋಗ್ತದೆ!"

ಈ ಚಟ ಕೀಲಿ ಕೊಡುವ ಗ್ರಾಮಫೋನಿನ ಕಾಲದ್ದು. ಅದಕ್ಕೆ ಉಕ್ಕಿನ ಮುಳ್ಳು. ತಟ್ಟೆಯ ಒಂದು ಮಗ್ಗುಲಿಗೆ ಒಂದು ಎಂಬುದು ಕಂಪನಿಯ ಕಟ್ಟಪ್ಪಣೆ. ನಮ್ಮವರು ಬಿಟ್ಟಾರೆಯೇ? ಒಂದೇ ಮುಳ್ಳಿನಲ್ಲಿ ಗಾಯಕ ಕಾಳಿಂಗರಾಯರ ತಟ್ಟೆಗಳನ್ನೆಲ್ಲ ಉತ್ತು ಹಾಕಿದರು. ಡಬ್ಬಿಯಲ್ಲಿ ಉಳಿದವು ತುಕ್ಕು ಹಿಡಿದವು.

ಆಮೇಲೆ ಬಂದ ವಜ್ರದ ಮುಳ್ಳು ಸಾಮಾನ್ಯವಾಗಿ 500ರಿಂದ 1,000 ಗಂಟೆ ಬಾಳುತ್ತದೆ. ದಿನಕ್ಕೊಂದು ಗಂಟೆ ಕೇಳಿದರೂ ವರ್ಷಕ್ಕೆ ಮೋಸವಿಲ್ಲ. ಎತ್ತಿಟ್ಟದ್ದರ ಪಾಡು? ಮುಳ್ಳಿನ ಕಡ್ಡಿಯನ್ನು ಹಿಡಿದಿರುವ ರಬ್ಬರು ಕೂತಲ್ಲೇ ಗಟ್ಟಿಯಾಗುತ್ತದೆ. ಹಳೆಯ ಕ್ರಿಸ್ಟಲ್ ಕಾರ್ಟ್ರಿಜ್ಜಿನ ಕಥೆ ಇನ್ನೂ ಚಂದ. ಅದರೊಳಗೆ ಇರುತ್ತಿದ್ದದ್ದು ರೋಶೆಲ್ ಸಾಲ್ಟ್ ಎಂಬ ಒಂದು ಬಗೆಯ ಉಪ್ಪು! ಆಗುಂಬೆ, ಹುಲಿಕಲ್ಲುಗಳ ಮಳೆಸೀಮೆಯಲ್ಲಿ ಉಪ್ಪನ್ನು ಕಪಾಟಿನಲ್ಲಿಟ್ಟು ಉಳಿಸುತ್ತಾರಂತೆ. ಆಷಾಢದಲ್ಲಿ ಅಡುಗೆಮನೆಯ ಉಪ್ಪಿನ ಮರಿಗೆಗೆ ಕೈ ಹಾಕಿದವರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಿಲ್ಲ.

ಇಡಲೇಬೇಕೆಂದರೆ ಒಂದನ್ನು ಗಾಳಿಯಾಡದ ಡಬ್ಬಿಯಲ್ಲಿ ಇಡಿ. ಇನ್ನೊಂದನ್ನು ಇವತ್ತು ಸಂಜೆಯೇ ಹಾಕಿ ಕೇಳಿ ಮಾರಾಯ್ರೇ. ಸವೆದ ಹಳೇ ಮುಳ್ಳು ತಟ್ಟೆಯನ್ನೇ ಗೀರುತ್ತದೆ. ಮುಳ್ಳಾದರೆ ಇನ್ನೊಂದು ಸಿಕ್ಕೀತು, ಆ ತಟ್ಟೆ ಸಿಗುವುದಿಲ್ಲ.