ಪುಣೆಯಲ್ಲೊಂದು ಸೀಟು

ಪುಣೆಯ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟಿಗೆ ಸೇರಲು ಬೇಕಾದ ಅರ್ಹತೆಗಳೆಲ್ಲ ನಮ್ಮಂಥವರ ಮನೆಗಳಲ್ಲಿ ಮಕ್ಕಳಿಗೆ ಬೈದು ಬಿಡಿಸುವಂಥವು. ಕಿಟಕಿಯಾಚೆ ಸುಮ್ಮನೆ ನೋಡುತ್ತ ಕೂರುವುದು, ಪಕ್ಕದ ಮನೆಯ ಜಗಳಕ್ಕೆ ಕಿವಿಗೊಡುವುದು, ನಡೆದದ್ದಕ್ಕೆ ಎರಡು ಸೇರಿಸಿ ಹೇಳುವುದು, ಮಟಮಟ ಮಧ್ಯಾಹ್ನ ಊರು ಅಲೆಯುವುದು, ದೊಡ್ಡವರು ಏನು ಹೇಳಿದರೂ ಯಾಕೆ ಅನ್ನುವುದು. ನನ್ನ ಅಕ್ಕನ ಮಗನಲ್ಲಿ ಇವೆಲ್ಲವೂ ಹೇರಳವಾಗಿದ್ದವು. ಅವನು ಏಳನೇ ಕ್ಲಾಸಿಗೆ ಬರುವಷ್ಟರಲ್ಲಿ ಅಕ್ಕ, ಭಾವ ಸೇರಿ ಒಂದೊಂದಾಗಿ ಕಿತ್ತು ಹಾಕಿದರು. ಬೇರು ಉಳಿದಿದ್ದರೆ ಅದನ್ನು ಸಿಇಟಿ ಕೋಚಿಂಗಿನವರು ನೋಡಿಕೊಂಡರು. ಈಗ ಅವನು ಮೆಕ್ಯಾನಿಕಲ್ ಇಂಜಿನಿಯರು. ಮೆಕ್ಯಾನಿಕಲ್ಲಿಗೆ ಏನೇನೂ ಸಂಬಂಧವಿಲ್ಲದ ಸಾಫ್ಟ್‌ವೇರ್ ಕೆಲಸ ಬೆಂಗಳೂರಿನಲ್ಲಿ. ಯುಗಾದಿಗೆ ಮೈಸೂರಿಗೆ ಬಂದವನು ಒಬ್ಬಟ್ಟಿಗೆ ಎರಡನೇ ಸಲ ತುಪ್ಪ ಹಾಕಿಸಿಕೊಳ್ಳುತ್ತ, "ಪುಣೆಗೆ ಅರ್ಜಿ ಹಾಕ್ತಿದೀನಿ, ಡೈರೆಕ್ಷನ್‌ಗೆ" ಅಂದ.

ಅಕ್ಕ ತುಪ್ಪದ ಮಿಳ್ಳೆ ಹಿಡಿದವಳು ಹಾಗೇ ನಿಂತಳು. ನಮ್ಮಮ್ಮ ಮಾತ್ರ, "ಸಿನಿಮಾ ಮಾಡೋದಕ್ಕೂ ಕಾಲೇಜು ಇದೆಯೇನೋ? ನಮ್ಮ ಪುಟ್ಟಣ್ಣ ಎಲ್ಲಿ ಓದಿದ್ದ?" ಅಂದರು. ಪ್ರಶ್ನೆ ನ್ಯಾಯವಾದದ್ದೇ. ಪುಟ್ಟಣ್ಣ ಕಣಗಾಲ್ ಕಲಿತದ್ದು ಬಿ. ಆರ್. ಪಂತುಲು ಅವರ ಹತ್ತಿರ ಸಹಾಯಕರಾಗಿ ದುಡಿದು. ಸತ್ಯಜಿತ್ ರೇ ಕೂಡ ಯಾವ ಚಿತ್ರಶಾಲೆಗೂ ಹೋದವರಲ್ಲ. ಆದರೆ ಹಬ್ಬದ ದಿನ ಎಲೆಯ ಮುಂದೆ ಕೂತವನಿಗೆ ಇಂಥ ವಾದ ಹಿಡಿಸುವುದಿಲ್ಲ.

ಭಾವ ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ನೋಡಿಯೇ ನಿವೃತ್ತರಾದವರು. ಎದುರು ಕೂತವನು ಸ್ವಂತ ಮಗನಾದರೂ ಜಾಮೀನು ಯಾರು ಅಂತ ಮನಸ್ಸಿನಲ್ಲೇ ಕೇಳಿಕೊಳ್ಳುತ್ತಾರೆ.

"ಎಷ್ಟು ವರ್ಷದ್ದು?"

"ಮೂರು."

"ಪ್ಲೇಸ್‌ಮೆಂಟು?"

ಅವನು ಒಬ್ಬಟ್ಟು ಮುರಿಯುತ್ತ ಕೂತ. ಮುರಿದದ್ದನ್ನೇ ಮತ್ತೆ ಮುರಿದ. ಆಮೇಲೆ ಸಂಸ್ಥೆಯ ಚರಿತ್ರೆಯಿಂದ ಶುರು ಮಾಡಿದ. ಪ್ರಭಾತ್ ಫಿಲ್ಮ್ ಕಂಪನಿ 1933ರಲ್ಲಿ ಕೊಲ್ಹಾಪುರದಿಂದ ಪುಣೆಗೆ ಬಂದು ಸ್ಟುಡಿಯೋ ಕಟ್ಟಿದ್ದು, ಕಂಪನಿ ಮುಚ್ಚಿದ ಮೇಲೆ ಅದೇ ಜಾಗದಲ್ಲಿ 1960ರಲ್ಲಿ ಭಾರತ ಸರ್ಕಾರ ಈ ಶಾಲೆ ತೆರೆದದ್ದು, ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಕೆಳಗೆ ಅದು ನಡೆಯುವುದು...

"ಸೆಂಟ್ರಲ್ ಗೌರ್ಮೆಂಟಾ?" ಭಾವ ತಲೆಯೆತ್ತಿದರು. "ಅದನ್ನ ಮೊದಲೇ ಹೇಳಬಾರದೇನಯ್ಯ."

ಅರ್ಧ ಯುದ್ಧ ಅಲ್ಲಿಗೆ ಮುಗಿಯಿತು. ಮಿಕ್ಕರ್ಧ ಹುಡುಗನ ಬಾಯಿಂದಲೇ ಕೆಟ್ಟಿತು. ಹೇಳಬೇಕಾದ್ದಕ್ಕಿಂತ ಹೆಚ್ಚು ಹೇಳುವುದು ಅವನಿಗೆ ತಾಯಿಯ ಕಡೆಯಿಂದ, ಅಂದರೆ ನಮ್ಮ ಕಡೆಯಿಂದ ಬಂದದ್ದು. ನಮ್ಮ ಗಿರೀಶ ಕಾರ್ನಾಡರೇ 1974-75ರಲ್ಲಿ ಅಲ್ಲಿ ನಿರ್ದೇಶಕರಾಗಿದ್ದರು ಅಂದ. ಭಾವನ ಮುಖ ಅರಳಿತು. ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಆಗ ನಟನಾ ವಿಭಾಗದ ಹುಡುಗರು, ನಿರ್ದೇಶನದವರು ತಮ್ಮ ಡಿಪ್ಲೊಮಾ ಚಿತ್ರಗಳಿಗೆ ನಮ್ಮನ್ನೇ ತೆಗೆದುಕೊಳ್ಳಬೇಕು ಅಂತ ಮುಷ್ಕರ ಹೂಡಿದರು. ಮುಂದಾಳುಗಳಲ್ಲಿ ನಾಸಿರುದ್ದೀನ್ ಶಾ ಒಬ್ಬರು. ಅದೇ ಹುಡುಗನನ್ನು ಕಾರ್ನಾಡರು ಶ್ಯಾಮ್ ಬೆನಗಲ್ ಅವರಿಗೆ ಶಿಫಾರಸು ಮಾಡಿ 'ನಿಶಾಂತ್' ಚಿತ್ರದಲ್ಲಿ ಅವಕಾಶ ಸಿಗುವಂತೆ ಮಾಡಿದರು. ತನ್ನ ವಿರುದ್ಧವೇ ಧಿಕ್ಕಾರ ಕೂಗಿದವನಿಗೆ ಕೆಲಸ ಕೊಡಿಸುವ ದೊಡ್ಡ ಮನಸ್ಸು ನೋಡಿ ಅಂತ ಇವನ ತಾತ್ಪರ್ಯ. ಭಾವನಿಗೆ ಕೇಳಿಸಿದ್ದು 'ಮುಷ್ಕರ' ಒಂದೇ. ಬ್ಯಾಂಕಿನಲ್ಲಿ ಮುಷ್ಕರ ಅಂದರೆ ಸಂಬಳ ಕಟ್.

"ಈಗಲೂ ಮಾಡ್ತಾರಾ?"

"2015ರಲ್ಲಿ 139 ದಿನ ಮಾಡಿದ್ರು" ಅಂದ ಪುಣ್ಯಾತ್ಮ, ಎದೆ ಉಬ್ಬಿಸಿ. ಅಧ್ಯಕ್ಷರ ನೇಮಕವನ್ನು ವಿರೋಧಿಸಿ. ಮೂರು ವರ್ಷದ ಕೋರ್ಸು ಮುಗಿಯುವುದಕ್ಕೆ ಕೆಲವರಿಗೆ ಐದಾರು ವರ್ಷ ಹಿಡಿದದ್ದೂ ಉಂಟು ಅಂತ ಅದರ ಮೇಲೆ ಸೇರಿಸಿದ. ಭಾವ ಎಲೆಯ ತುದಿಯಲ್ಲಿ ಬೆರಳಿನಿಂದ ಏನೋ ಕೂಡಿ ಕಳೆದು, "ಅಷ್ಟೊತ್ತಿಗೆ ನಿನಗೆ ಮೂವತ್ತೆರಡು" ಅಂದು ಮಜ್ಜಿಗೆಗೆ ಕೈಯೊಡ್ಡಿದರು.

ಅಕ್ಕನನ್ನು ಒಪ್ಪಿಸುವ ಕೆಲಸ ನನ್ನ ಪಾಲಿಗೆ ಬಂತು. ಪತ್ರಿಕೆಗಳಿಗೆ ಬರೆಯುವವಳು ಅನ್ನುವ ಕಾರಣಕ್ಕೆ ಮನೆಯಲ್ಲಿ ಯಾರು ಹಳ್ಳ ಹಿಡಿದರೂ ದಾರಿ ತೋರಿಸಿದವಳು ನಾನೇ ಅಂತ ಮೊದಲಿಂದ ಇದೆ. ನಾನು ಗಿರೀಶ ಕಾಸರವಳ್ಳಿಯವರ ಉದಾಹರಣೆ ಕೊಟ್ಟೆ: ತೀರ್ಥಹಳ್ಳಿ ತಾಲ್ಲೂಕಿನ ಹುಡುಗ, ಪುಣೆಗೆ ಹೋಗಿ ಓದುವಾಗಲೇ 'ಅವಶೇಷ' ಅನ್ನುವ ಕಿರುಚಿತ್ರಕ್ಕೆ ರಾಷ್ಟ್ರಪ್ರಶಸ್ತಿ, 1977ರಲ್ಲಿ 'ಘಟಶ್ರಾದ್ಧ'ಕ್ಕೆ ಸ್ವರ್ಣಕಮಲ. "ಅದಕ್ಕೆ ಮುಂಚೆ ಏನು ಓದಿದ್ರು?" ಅಂದಳು ಅಕ್ಕ. ಬಿ. ಫಾರ್ಮಾ, ಮಣಿಪಾಲದಲ್ಲಿ. ಸರಿ, ಇನ್ನೊಂದು ಕೊಟ್ಟೆ. ನಮ್ಮ ಮೈಸೂರಿನವರೇ ಚಿದಾನಂದ ಎಸ್. ನಾಯ್ಕ್, ಅದೇ ಸಂಸ್ಥೆಯ ಟಿವಿ ವಿಭಾಗದ ಒಂದು ವರ್ಷದ ಕೋರ್ಸಿನಲ್ಲಿ ಮಾಡಿದ ಕನ್ನಡ ಕಿರುಚಿತ್ರಕ್ಕೆ 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ. "ಅವರು?" ಎಂಬಿಬಿಎಸ್.

ಅಕ್ಕನಿಗೆ ಇದರಲ್ಲಿ ಒಂದು ಸೂತ್ರ ಕಂಡಿತು. ಕನ್ನಡದವರು ಚಿತ್ರಶಾಲೆಗೆ ಹೋಗಿ ಹೆಸರು ಮಾಡಬೇಕಾದರೆ ಮೊದಲು ಔಷಧವೋ ವೈದ್ಯವೋ ಆಗಿರಬೇಕು. "ಇವನದು ಮೆಕ್ಯಾನಿಕಲ್ಲು. ಅದಕ್ಕೇ ನಾನು ಬಡಕೊಂಡೆ, ಬಯಾಲಜಿ ತಗೊಳ್ಳೋ ಅಂತ" ಎಂದು ಹತ್ತು ವರ್ಷದ ಹಿಂದಿನ ವ್ಯಾಜ್ಯವನ್ನು ಮತ್ತೆ ತೆಗೆದಳು. ಡಾಕ್ಟರಾದವರೊಬ್ಬರು ಸ್ಟೆತಾಸ್ಕೋಪು ಬಿಟ್ಟು ಕ್ಯಾಮೆರಾ ಹಿಡಿದ ಈ ಸುದ್ದಿ ಬಂದ ದಿನ ಊರೆಲ್ಲ ಹೆಮ್ಮೆಪಟ್ಟಿತು ನಿಜ. ನೀಟ್‌ಗೆ ಓದುವ ಮಕ್ಕಳಿದ್ದ ಮನೆಗಳಲ್ಲಿ ಅಂದಿನ ಪೇಪರನ್ನು ಬಚ್ಚಿಟ್ಟಿದ್ದರು ಅಂತ ನನ್ನ ಗುಮಾನಿ.

ಆ ಚಿತ್ರದ ಕತೆ ಕೇಳಿ ಎದ್ದು ಕೂತವರು ನಮ್ಮಮ್ಮ. ಒಬ್ಬಳು ಮುದುಕಿ ಊರಿನ ಹುಂಜ ಕದ್ದೊಯ್ಯುತ್ತಾಳೆ, ಊರಿಗೆ ಬೆಳಗೇ ಆಗುವುದಿಲ್ಲ. "ಮುದುಕಿ ಹುಂಜದ ಕತೆ! ನಾನು ಇವನಿಗೆ ಹೇಳಿರಲಿಲ್ಲವಾ? ಅರ್ಧಕ್ಕೆ ಬಂದಿತ್ತು, ಮಗ್ಗಿ ಹೇಳಿಸಬೇಕು ಅಂತ ಅವರಪ್ಪ ಎಬ್ಬಿಸಿಕೊಂಡು ಹೋದ." ಭಾವ ಪೇಪರು ಇನ್ನಷ್ಟು ಮೇಲಕ್ಕೆ ಹಿಡಿದರು. ಫ್ರಾನ್ಸಿನವರು ಕರೆದು ಬಹುಮಾನ ಕೊಡುವಂಥ ಮಾಲು ತಮ್ಮ ಮನೆಯ ನಡುಮನೆಯಲ್ಲೇ ಇತ್ತು, ಹದಿನೇಳರ ಮಗ್ಗಿಗೋಸ್ಕರ ಅದನ್ನು ಕಳೆದುಕೊಂಡೆವು ಅನ್ನುವ ಸತ್ಯವನ್ನು ಬ್ಯಾಂಕಿನವರು ಸುಲಭವಾಗಿ ಅರಗಿಸಿಕೊಳ್ಳಲಾರರು. ಹದಿನೇಳರ ಮಗ್ಗಿ ಈಗ ಅವನಿಗೆ ಬರುವುದಿಲ್ಲ, ಅದು ಬೇರೆ ಮಾತು.

ಮೊದಲು ಲಿಖಿತ ಪರೀಕ್ಷೆ. ಅದಕ್ಕೆ ಸಿಲಬಸ್ ಅಂದರೆ ಇಡೀ ಜಗತ್ತು. ಪರೀಕ್ಷೆಯ ತಯಾರಿ ಅಂದುಕೊಂಡು ರಜೆ ಹಾಕಿ ಬಂದವನು ನಡುಮನೆಯಲ್ಲಿ ಹಗಲೆಲ್ಲ ಸಿನಿಮಾ ನೋಡಲು ಶುರು ಮಾಡಿದ. ಅಮ್ಮನೂ ಜೊತೆಗೆ ಕೂತರು. ನನಗೆ ಅನ್ನಿಸುವುದು, ಆ ವರ್ಷ ಪ್ರವೇಶ ಪರೀಕ್ಷೆಗೆ ಸರಿಯಾಗಿ ತಯಾರಾದದ್ದು ಅವರೊಬ್ಬರೇ. ಡಿ ಸಿಕಾನ 'ಬೈಸಿಕಲ್ ಥೀವ್ಸ್' ನೋಡಿದ ದಿನ ನಾನೂ ಇದ್ದೆ. ಸೈಕಲ್ ಕಳೆದುಕೊಂಡವನು ಪೊಲೀಸರ ಹತ್ತಿರ ಹೋಗುತ್ತಾನೆ, ಅವರು ಬರೆದುಕೊಂಡು ನೀನೇ ಹುಡುಕಿಕೋ ಅನ್ನುತ್ತಾರೆ. "ಇಟಲಿಯಲ್ಲೂ ಹೀಗೇನಾ!" ಅಂದರು ಅಮ್ಮ. ದಿಕ್ಕು ತೋಚದೆ ಅವನು ಶಾಸ್ತ್ರ ಹೇಳುವವಳ ಮನೆ ಹುಡುಕಿಕೊಂಡು ಹೋದಾಗಲಂತೂ ಅವರಿಗೆ ಪೂರ್ತಿ ಸಮಾಧಾನವಾಯಿತು. ನಮ್ಮ ಪೈಕಿಯೇ ಯಾರೋ ಅಂತ. ಆಕೆ, ಸಿಕ್ಕಿದರೆ ಈಗಲೇ ಸಿಗಬೇಕು, ಇಲ್ಲದಿದ್ದರೆ ಇಲ್ಲ ಅಂದದ್ದಕ್ಕೆ, "ನಮ್ಮ ಜೋಯಿಸರೂ ಹೀಗೇ ಹೇಳೋದು, ದಕ್ಷಿಣೆ ಮಾತ್ರ ಬಿಡಲ್ಲ" ಎಂದರು. ಕೊನೆಗೆ ಅಪ್ಪ ತಾನೇ ಒಂದು ಸೈಕಲ್ ಕದಿಯಲು ಹೋಗಿ ಸಿಕ್ಕಿಬಿದ್ದಾಗ, ಮಗ ಅಳುತ್ತ ಅವನ ಕೈ ಹಿಡಿದುಕೊಂಡಾಗ, ಅಮ್ಮ ಏನೂ ಅನ್ನಲಿಲ್ಲ. ಸೆರಗಿನಿಂದ ಕನ್ನಡಕ ಒರೆಸಿಕೊಂಡರು. ಹುಡುಗ ಅಷ್ಟು ಹೊತ್ತೂ ನೋಟ್ ಪುಸ್ತಕದಲ್ಲಿ ಶಾಟ್‌ಗಳನ್ನು ಎಣಿಸುತ್ತಿದ್ದ. ಅವನಿಗೆ ಅಳು ಬರಲಿಲ್ಲವಂತೆ, ಲೆಕ್ಕ ತಪ್ಪುತ್ತದೆ ಅಂತ.

ಸಂಸ್ಥೆಯ ಅಂಗಳದ ಫೋಟೋಗಳನ್ನೂ ಅವರಿಗೆ ತೋರಿಸಿದ. ಅಲ್ಲೊಂದು ಹೆಸರಾದ ಮಾವಿನ ಮರವಿದೆ; ವಿಸ್ಡಮ್ ಟ್ರೀ ಅನ್ನುತ್ತಾರೆ. ಋತ್ವಿಕ್ ಘಟಕ್ ಅರವತ್ತರ ದಶಕದಲ್ಲಿ ಅಲ್ಲಿ ಉಪಪ್ರಾಂಶುಪಾಲರಾಗಿದ್ದರು. ಮಣಿ ಕೌಲ್, ಕುಮಾರ್ ಶಹಾನಿಯಂಥವರು ಅವರ ಶಿಷ್ಯರು. ಕ್ಲಾಸಿನ ಒಳಗಿಗಿಂತ ಈ ಮರದ ಕೆಳಗೇ ಪಾಠ ಹೆಚ್ಚು ನಡೆಯುತ್ತಿತ್ತು ಅನ್ನುವ ಕತೆಗಳಿವೆ. ಅಮ್ಮ ಫೋಟೋವನ್ನು ಕಣ್ಣಿನ ಹತ್ತಿರ ತಂದು, "ಉಪ್ಪಿನಕಾಯಿಗೆ ಬರೋ ಜಾತಿಯಾ?" ಅಂದರು.

ಲಿಖಿತ ಪರೀಕ್ಷೆ ಹೇಗೋ ದಾಟಿತು. ನಿಜವಾದ ಗಂಡಾಂತರ ಆಮೇಲೆ. ಪುಣೆಯಾಗಲಿ ಕೋಲ್ಕತ್ತವಾಗಲಿ, 'ತಿಥಿ'ಯ ರಾಮ್ ರೆಡ್ಡಿ ಓದಿದ ಪ್ರಾಗ್ ಆಗಲಿ, ಯಾವ ಚಿತ್ರಶಾಲೆಯಾದರೂ ಕೊನೆಗೆ ಕೇಳುವುದು ಒಂದೇ: ಸಿನಿಮಾ ನಿನಗೆ ಯಾಕೆ ಬೇಕು? ಅದಕ್ಕೆ ಒಂದೆರಡು ಪುಟ ಬರೆದಿಟ್ಟುಕೊಳ್ಳಬೇಕು. ಮೊದಲೇ ಸೇರಿದವರು ಬರೆದದ್ದನ್ನೆಲ್ಲ ಓದಿಕೊಂಡು ಇವನು ಕಂಗಾಲಾಗಿದ್ದ. ಒಬ್ಬನ ಊರು ಅಣೆಕಟ್ಟಿನಲ್ಲಿ ಮುಳುಗಿದೆ, ಒಬ್ಬಳ ತಾತ ಟೂರಿಂಗ್ ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದರು, ಇನ್ನೊಬ್ಬ ಹದಿನಾರಕ್ಕೇ ಮನೆ ಬಿಟ್ಟು ಓಡಿಹೋಗಿದ್ದಾನೆ. ರಾತ್ರಿ ಹನ್ನೊಂದಕ್ಕೆ ನನಗೆ ಫೋನು.

"ಚಿಕ್ಕಮ್ಮಾ, ನಮ್ಮ ಮನೆಯಲ್ಲಿ ಏನಾದರೂ ಕಷ್ಟ ಇತ್ತಾ?"

ಹಿಂದಿನಿಂದ ಅಕ್ಕನ ದನಿ: "ಕಷ್ಟವೇ? ನಿನಗೆ ಏನು ಕಮ್ಮಿ ಮಾಡಿದ್ವಿ ಹೇಳು!"

"ಅದೇ ಈಗ ತೊಂದರೆ ಆಗಿರೋದು ಅಮ್ಮ."

ಮನೆಮಂದಿಯೆಲ್ಲ ಕೂತು ಹುಡುಕಿದರು. ಕುವೆಂಪುನಗರದಲ್ಲಿ ಯಾವ ಅಣೆಕಟ್ಟೂ ಇಲ್ಲ. ಹುಡುಗ ಒಮ್ಮೆ ಮನೆ ಬಿಟ್ಟು ಹೋಗಿದ್ದನಾದರೂ ಕಾಂಪ್ಲೆಕ್ಸಿನ ಬೇಕರಿಯ ತನಕ. ದಿಲ್‌ಪಸಂದ್ ತಿಂದು, ಲೆಕ್ಕಕ್ಕೆ ಬರೆಸಿ ವಾಪಸು ಬಂದಿದ್ದ. ಕೊನೆಗೆ ಭಾವನ ಮನಸ್ಸು ಕರಗಿತು. "ನನ್ನ ಕಷ್ಟ ಹಾಕಿಕೋ" ಅಂದರು. ವಾರಾನ್ನದ ಮನೆ, ಬೀದಿದೀಪ, ಹರಿದ ಚಪ್ಪಲಿ, ಹೈಸ್ಕೂಲಿಗೆ ಹೊಳೆ ದಾಟಿದ್ದು, ಎಲ್ಲವನ್ನೂ ಸಾಲವಾಗಿ ಕೊಟ್ಟರು. ಜಾಮೀನು ಕೇಳದೆ ಅವರು ಮಂಜೂರು ಮಾಡಿದ ಸಾಲ ನನಗೆ ತಿಳಿದಂತೆ ಇದೊಂದೇ. ಇವನು ಅದನ್ನೆಲ್ಲ ಕೇಳಿಕೊಂಡ. ಇಪ್ಪತ್ತೈದು ವರ್ಷದಲ್ಲಿ ಅಪ್ಪನ ಮಾತು ಪೂರ್ತಿ ಕೇಳಿದ್ದು ಇದೇ ಮೊದಲು. ಆದರೆ ಹಾಕಿಕೊಳ್ಳಲಿಲ್ಲ. ಬೇರೆಯವರ ಚಪ್ಪಲಿ ಕಚ್ಚುತ್ತದೆ ಅಂತ ಅವನಿಗೂ ಗೊತ್ತಿತ್ತೋ ಏನೋ. ಕೊನೆಗೆ ಬರೆದದ್ದು ತನಗೆ ಏನೂ ಆಗದಂತೆ ನೋಡಿಕೊಂಡ ಒಂದು ಮನೆಯ ಬಗ್ಗೆ. ನನಗೆ ಓದಲು ಕೊಟ್ಟ. ಚೆನ್ನಾಗಿತ್ತು. ನಾನು ಬರೀ ಎರಡು ಅಲ್ಪವಿರಾಮ ತೆಗೆದೆ.

ಸಂದರ್ಶನಕ್ಕೆ ಭಾವನೂ ಪುಣೆಗೆ ಹೋದರು, ಬೇಡ ಅಂದರೂ. ಲಾ ಕಾಲೇಜ್ ರಸ್ತೆಯಲ್ಲಿ ಮಗನನ್ನು ಒಳಗೆ ಬಿಟ್ಟು ಹೊರಗೆ ಚಹಾದ ಅಂಗಡಿಯ ಹತ್ತಿರ ನಿಂತರೆ, ಅಲ್ಲಿ ಇಂಥವರೇ ಇನ್ನೂ ಕೆಲವರು. ಕೇರಳದವರೊಬ್ಬರು, ಬಂಗಾಳದ ಒಬ್ಬ ತಾಯಿ, ನಾಗಪುರದ ನಿವೃತ್ತ ಮೇಷ್ಟ್ರು. ಪರಸ್ಪರ ಮಕ್ಕಳು ಬಿಟ್ಟು ಬಂದ ಡಿಗ್ರಿ, ಕೆಲಸ, ಸಂಬಳಗಳನ್ನು ವಿಚಾರಿಸಿಕೊಂಡರಂತೆ, ಸಾವಿನ ಮನೆಯಲ್ಲಿ ಎಷ್ಟು ವಯಸ್ಸಾಗಿತ್ತು ಅಂತ ಕೇಳುವ ಹಾಗೆ. ಆ ಮೇಷ್ಟ್ರು ಭಾವನಿಗೆ ಒಂದು ಸಂಗತಿ ಹೇಳಿ ಧೈರ್ಯ ತುಂಬಿದರು: ಸ್ಟೀವನ್ ಸ್ಪಿಲ್‌ಬರ್ಗ್ ಅರ್ಧಕ್ಕೆ ಬಿಟ್ಟ ಡಿಗ್ರಿಯನ್ನು ಮೂವತ್ತಕ್ಕೂ ಹೆಚ್ಚು ವರ್ಷ ಬಿಟ್ಟು 2002ರಲ್ಲಿ ಲಾಂಗ್ ಬೀಚಿನ ವಿಶ್ವವಿದ್ಯಾಲಯದಲ್ಲಿ ಮುಗಿಸಿದ, ವಿದ್ಯಾರ್ಥಿಯಾಗಿ ಒಪ್ಪಿಸಬೇಕಾದ ಚಿತ್ರದ ಬದಲು 'ಶಿಂಡ್ಲರ್ಸ್ ಲಿಸ್ಟ್' ಕೊಟ್ಟು. ಭಾವ ಇದನ್ನು ಬಂದವರಿಗೆಲ್ಲ ಹೇಳುತ್ತಾರೆ. ಅವರ ಪಾಲಿಗೆ ಅದರ ನೀತಿ: ಎಷ್ಟೇ ಬ್ಯಾಕ್‌ಲಾಗ್ ಇದ್ದರೂ ಕಟ್ಟಿಬಿಡಬೇಕು.

ಒಳಗೆ ಏನು ಕೇಳಿದರು ಅಂತ ರೈಲಿನಲ್ಲಿ ಮಗನ ಬಾಯಿ ಬಿಡಿಸಿದ್ದಾರೆ. "ನಿಮ್ಮ ಬೀದಿಯಲ್ಲಿ ಬೆಳಿಗ್ಗೆ ಮೊದಲು ಕೇಳಿಸುವ ಸದ್ದು ಯಾವುದು ಅಂತ ಕೇಳಿದ್ರು."

"ಏನಂದೆ?"

"ಎದುರುಮನೆ ಮೋಟರು."

"ನೀರು ಬರೋದು ದಿನ ಬಿಟ್ಟು ದಿನ ಅಂತ ಹೇಳಿದೆಯಾ? ಬಾರದ ದಿನ ಏನು ಕೇಳಿಸತ್ತೆ ಅಂತ?"

ಹೇಳಿರಲಿಲ್ಲ. ನೀರು ಬಾರದ ದಿನ ಮೊದಲು ಕೇಳಿಸುವುದು ಮೂರನೇ ಮನೆಯವರು ಸ್ಕೂಟರಿಗೆ ಒದೆಯುವುದು, ಅದು ಹತ್ತದಿದ್ದಾಗ ಅವರ ಹೆಂಡತಿ ಮೇಲಿನಿಂದ ಚೋಕು ಎಳೆಯಿರಿ ಅನ್ನುವುದು, ಅದಕ್ಕೂ ಮೊದಲು ಹಾಲಿನವನು ಗೇಟಿನ ಚಿಲಕ ತೆಗೆದು ಹಾಕದೆ ಹೋಗುವುದು. ಭಾವ ಧಾರವಾಡ ಬರುವ ತನಕ ಬೀದಿಯ ಸದ್ದುಗಳನ್ನು ಒಂದೊಂದಾಗಿ ಹೇಳುತ್ತ ಬಂದರಂತೆ. ಆಯ್ಕೆ ಸಮಿತಿಯವರು ಹೊರಗೆ ಚಹಾ ಕುಡಿಯುತ್ತಿದ್ದವರನ್ನು ಒಳಗೆ ಕರೆಯಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

ಫಲಿತಾಂಶ ಬಂದಿದೆ. ಅವನ ಹೆಸರು ಕಾಯುವ ಪಟ್ಟಿಯಲ್ಲಿದೆ, ಮೇಲಿನ ಸಾಲಿನಲ್ಲೇ. ದೇಶಕ್ಕೆಲ್ಲ ಸೇರಿ ನಿರ್ದೇಶನಕ್ಕೆ ಇರುವುದು ಬೆರಳೆಣಿಕೆಯ ಸೀಟು. ಯಾರಾದರೂ ಒಬ್ಬರು ಬಿಟ್ಟರೆ ನಮ್ಮವನಿಗೆ ದಕ್ಕುತ್ತದೆ. ಈ ಸಂಬಂಧ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಮಗನೋ ಮಗಳೋ ಈ ಸಲ ಅಲ್ಲಿಗೆ ಆಯ್ಕೆಯಾಗಿದ್ದು, ನೀವು ಊಟ ಬಿಟ್ಟು, ಕಣ್ಣೀರು ಹಾಕಿ, ಒಳ್ಳೆಯ ಕೆಲಸ ಕಳೆದುಕೊಳ್ಳಬೇಡ ಅಂತ ತಡೆಯುತ್ತಿದ್ದರೆ, ದಯವಿಟ್ಟು ಅರ್ಧಕ್ಕೆ ಕೈಬಿಡಬೇಡಿ. ಇನ್ನೂ ಒಂದು ವಾರ ಅಳಿ. ಅಕ್ಕ ಚಟ್ನಿಪುಡಿಯ ಡಬ್ಬಿ ಸಮೇತ ಸೂಟ್‌ಕೇಸು ತುಂಬಿಟ್ಟಿದ್ದಾಳೆ.